ಕಾಸರಕದ ಚಿತ್ರ ಒಣಗದ ಮಳೆಗಾಲ

ಆಟಿ ಅಮಾವಾಸ್ಯೆಯ ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುವಾಗ ಪಕ್ಕದ ಟೈಲರ್ ಸಂಜೀವ ಸ್ಟೀಲಿನ ಲೋಟ ಹಿಡಿದು ಕಾಯುತ್ತಿರುತ್ತಾನೆ. ಅದರಲ್ಲಿ ಪಾಲೆ ಮರದ ಕೆತ್ತೆಯ ಕಷಾಯ. ಈ ವರ್ಷವೂ ತಂದ. ಬೆಳ್ಳುಳ್ಳಿ, ಓಮ, ಕಾಳುಮೆಣಸು, ಕೆಂಪಗೆ ಕಾಯಿಸಿ ಅದರಲ್ಲಿ ಮುಳುಗಿಸಿದ ಬೆಣಚುಕಲ್ಲಿನ ಸುಟ್ಟ ವಾಸನೆ. ಮೂಗಿಗೆ ತಾಗಿದ್ದೇ ತಡ, ನಾನು ಮುಖ ತಿರುಗಿಸಿದೆ. ಸಂಜೀವ ನೋಡಿ ನಕ್ಕ. ಇಷ್ಟು ವರ್ಷವಾದರೂ ನಿನ್ನ ಹೆದರಿಕೆ ಹೋಗಲಿಲ್ಲವಲ್ಲ ಮಾರಾಯ ಎಂದ. ಹೋಗಿಲ್ಲ. ಕುಡಿಯುತ್ತೇನೆ, ಆದರೆ ಅವನು ಮೊದಲು ಕುಡಿದಿದ್ದಾನೆಯೇ ಎಂದು ನಾಚಿಕೆ ಬಿಟ್ಟು ಕೇಳಿದ ಮೇಲೆಯೇ ಕುಡಿಯುತ್ತೇನೆ.

ಘಟ್ಟದ ಮೇಲಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ತುಳುನಾಡಿನಲ್ಲಿ ಆಟಿ ಎಂದರೆ ಮಳೆಗಾಲದ ನಡುವಿನ ತಿಂಗಳು. ಅದರ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಮನೆಯ ಗಂಡಸು ಗುಡ್ಡೆಗೆ ಹೋಗಿ ಪಾಲೆ ಮರದ ಕೆತ್ತೆಯನ್ನು, ಅಂದರೆ ತೊಗಟೆಯನ್ನು, ಜಜ್ಜಿ ತರಬೇಕು. ಕತ್ತಿ ತಾಗಿಸಬಾರದು, ಕಲ್ಲಿನಿಂದಲೇ ಆಗಬೇಕು. ಅದರ ರಸವನ್ನು ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿದು, ಆಮೇಲೆ ಹೊಟ್ಟೆ ತಂಪಾಗಲೆಂದು ಮೆಂತೆ ಗಂಜಿ ಉಣ್ಣುತ್ತಾರೆ. ವರ್ಷವಿಡೀ ಕಾಯಿಲೆ ಬರುವುದಿಲ್ಲವೆಂದು ನಂಬಿಕೆ. ತೊಂದರೆ ಏನೆಂದರೆ, ಪಾಲೆ ಬೆಳೆಯುವ ಗುಡ್ಡೆಯಲ್ಲೇ ಕಾಸರಕವೂ ಬೆಳೆಯುತ್ತದೆ. ಪಾಲೆಯ ಕೆತ್ತೆ ಮದ್ದು, ಕಾಸರಕದ ಕೆತ್ತೆ ವಿಷ. ಕತ್ತಲಲ್ಲಿ, ಮಳೆಯಲ್ಲಿ, ಕೈಗೆ ಎರಡೂ ಒಂದೇ.

ನಾನು ಬ್ಯಾರಿ, ಅಂದರೆ ಕರಾವಳಿಯ ಮುಸಲ್ಮಾನ, ಹೆಸರು ಹಮೀದ್. ಮೂಡುಬಿದಿರೆಯಲ್ಲಿ ಫ್ರೇಮಿನ ಅಂಗಡಿ ಇಟ್ಟವನು. ದೇವರ ಪಟ, ಕಾಬಾದ ಚಿತ್ರ, ಮದುವೆಯ ಫೋಟೋ, ತೀರಿಹೋದವರ ಫೋಟೋ, ಸನ್ಮಾನ ಪತ್ರ, ಎಲ್ಲಕ್ಕೂ ನನ್ನಲ್ಲಿ ಒಂದೇ ಗಾಜು, ಒಂದೇ ಮೊಳೆ. ಹುಟ್ಟಿನಿಂದಲೇ ಪುಕ್ಕಲ. ಗುಡುಗಿಗೆ ಹೆದರುತ್ತೇನೆ, ಹಾವಿಗೆ ಹೆದರುತ್ತೇನೆ, ಹೆಂಡತಿ ಮಾತಾಡದೆ ಕೂತರೆ ಇನ್ನೂ ಹೆದರುತ್ತೇನೆ. ಆದರೆ ಗೋಡೆಗೆ ನೇತುಹಾಕುವ ಒಂದು ವಸ್ತುವಿಗೆ ಹೆದರಬೇಕಾಗುತ್ತದೆ ಎಂದು ಆ ಮಳೆಗಾಲದವರೆಗೆ ಗೊತ್ತಿರಲಿಲ್ಲ.

ಶಾಲೆ ಶುರುವಾಗಿ ಕೆಲವು ದಿನವಾಗಿತ್ತು. ವಸಂತಿ ಟೀಚರ್ ಪ್ಲಾಸ್ಟಿಕ್ ಸುತ್ತಿದ ಚಿತ್ರವೊಂದನ್ನು ಹಿಡಿದು ಸಿದ್ಧಕಟ್ಟೆಯಿಂದ ರಿಕ್ಷಾ ಮಾಡಿಕೊಂಡು ಬಂದರು. ಹೈಸ್ಕೂಲಿನಲ್ಲಿ ನನಗೆ ಡ್ರಾಯಿಂಗ್ ಕಲಿಸಿದವರು. ಕಲಿಸಿದವರು ಎಂದರೆ ಅವರಿಗೆ ಅವಮಾನ, ನಾನು ಏನೂ ಕಲಿಯಲಿಲ್ಲ. ಒಂದು ಬಟ್ಟಲು, ಎರಡು ಬಾಳೆಹಣ್ಣು, ಒಂದು ಮಾವಿನಹಣ್ಣು, ಇಷ್ಟನ್ನು ಮೂರು ವರ್ಷ ಬರೆಸಿದರು. ಬಣ್ಣ ಗೆರೆ ದಾಟಿದರೆ ಬೆರಳಿನ ಗಂಟಿಗೆ ಸ್ಕೇಲಿನ ಏಟು. ನಿವೃತ್ತಿಯಾದ ಮೇಲೆ ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ ಚಿತ್ರ ಬರೆಯುತ್ತಾರೆಂದು ಕೇಳಿದ್ದೆ. ಹೂಜಿ, ಹೂವು ಏನಾದರೂ ಇರಬಹುದೆಂದು ಪ್ಲಾಸ್ಟಿಕ್ ಬಿಡಿಸಿದವನು ಒಂದು ಹೆಜ್ಜೆ ಹಿಂದೆ ಸರಿದೆ.

ಅದೊಂದು ಹಣ್ಣು ಬಿಟ್ಟ ಗಿಡ. ಗಿಡವೆನ್ನಲೂ ಮರವೆನ್ನಲೂ ಆಗದ ಎತ್ತರ. ಕಾಂಡ ಕಪ್ಪು ಮಿಶ್ರಿತ ನೀಲಿ, ಹೊಟ್ಟೆನೋವು ಬಂದವನು ಮುರುಟಿಕೊಂಡ ಹಾಗೆ ಬಾಗಿತ್ತು. ಎಲೆಗಳು ಎಲೆಯ ಆಕಾರದಲ್ಲೇ ಇರಲಿಲ್ಲ, ಹಸಿರನ್ನು ಚೂರಿಯಿಂದ ಬಳಿದು ಎಳೆದು ಬಿಟ್ಟಂತಿತ್ತು. ಹಿಂದೆ ಆಕಾಶವಿಲ್ಲ, ಗುಡ್ಡೆಯಿಲ್ಲ, ಪೆಟ್ಟು ಬಿದ್ದು ಕೆಲವು ದಿನವಾದ ಚರ್ಮದ ಹಳದಿ. ಅದರ ನಡುವೆ ಹಣ್ಣುಗಳು, ಕಿತ್ತಳೆ ಬಣ್ಣದವು, ಇರಬೇಕಾದ್ದಕ್ಕಿಂತ ದೊಡ್ಡವು. ಬಣ್ಣ ಎಷ್ಟು ದಪ್ಪ ಮೆತ್ತಿತ್ತೆಂದರೆ ಹಣ್ಣು ಬಟ್ಟೆಯಿಂದ ಹೊರಗೆ ಬಂದಿತ್ತು. ಒಂದೇ ಒಂದು ಬಣ್ಣ ಗೆರೆಯೊಳಗೆ ನಿಂತಿರಲಿಲ್ಲ.

ಇದು ಯಾವ ಗಿಡ ಟೀಚರ್ ಎಂದು ಕೇಳಿದೆ. ಕಾಸರಕ ಎಂದರು. ಆಗ ನನಗೆ ಅರ್ಥವಾಯಿತು. ಅವರ ಗಂಡ ಸದಾನಂದಣ್ಣ ಹೋದ ರೀತಿ ಆ ಕಡೆಯವರಿಗೆಲ್ಲ ಗೊತ್ತು. ಆಟಿ ಅಮಾವಾಸ್ಯೆಯಂದು ಪಾಲೆಯೆಂದು ತಿಳಿದು ಕಾಸರಕದ ಕೆತ್ತೆ ತಂದರು. ಮನೆಯ ಯಜಮಾನ ಮೊದಲು ಕುಡಿಯುವ ಪದ್ಧತಿ, ಕುಡಿದರು. ಮಗುವಿಗೆ ಜ್ವರವಿತ್ತೆಂದು ಟೀಚರ್ ಒಳಗಿದ್ದರು, ಅದಕ್ಕೆ ಉಳಿದರು. ಮಗು ಸುಧೀರ ಆಗ ತೊಟ್ಟಿಲಿನಲ್ಲಿದ್ದ. ಆಮೇಲೆ ಆ ಮನೆಯಲ್ಲಿ ಕಷಾಯ ಮಾಡಿದವರಿಲ್ಲ.

"ಸುಧೀರ ಊರಿಗೆ ಬರ್ತಾನೆ, ಹೆಂಡತಿ ಮಗುವಿನ ಜೊತೆ," ಎಂದರು ಟೀಚರ್. "ಈ ಅಮಾವಾಸ್ಯೆಗೆ ಅವನೇ ಹೋಗಿ ಕೆತ್ತೆ ತರ್ತಾನಂತೆ. ಬೇಡ ಅಂದೆ. ಅಪ್ಪನಿಗೆ ಮರ ಗೊತ್ತಾಗಲಿಲ್ಲ, ನನಗೆ ಗೊತ್ತಾಗ್ತದೆ ಅಂತಾನೆ. ಹೇಳಿದ್ದನ್ನು ಕೇಳುವವನಲ್ಲ ಅವನು. ಇದನ್ನು ಬಾಗಿಲಿಗೆ ಎದುರಾಗಿ ಹಾಕ್ತೇನೆ ಹಮೀದ. ಹೊರಡುವಾಗ ನೋಡಿಕೊಂಡಾದರೂ ಹೋಗಲಿ."

ಸುಧೀರ ಗಲ್ಫಿನಲ್ಲಿದ್ದ. ಅಲ್ಲಿಯ ತುಳುವರು ಏಸಿ ಸಭಾಂಗಣದಲ್ಲಿ ಆಟಿಯ ಕಾರ್ಯಕ್ರಮ ಮಾಡಿ, ಬಾಟಲಿಯಲ್ಲಿ ತರಿಸಿದ ಕಷಾಯವನ್ನು ಕಾಗದದ ಕಪ್ಪಿನಲ್ಲಿ ಹಂಚುತ್ತಾರಂತೆ. ಅದನ್ನು ಕುಡಿದೂ ಕುಡಿದೂ ಅವನಿಗೆ ನಿಜವಾದದ್ದು ಬೇಕೆನಿಸಿತ್ತು. ಮಗಳಿಗೆ ತೋರಿಸಬೇಕೆಂಬ ಆಸೆ. ಅದರಲ್ಲಿ ತಪ್ಪೇನಿದೆ? ತಪ್ಪಿಲ್ಲದ್ದರಿಂದಲೇ ಟೀಚರಿಗೆ ಬಾಯಿ ಕಟ್ಟಿತ್ತು.

ಚಿತ್ರ ಇನ್ನೂ ಹಸಿ. ಎಣ್ಣೆಬಣ್ಣ ಮಳೆಗಾಲದಲ್ಲಿ ಒಣಗುವುದೇ ಇಲ್ಲ, ಮೇಲೆ ಕೆನೆ ಕಟ್ಟಿದರೂ ಒಳಗೆ ಮೆತ್ತಗೇ ಇರುತ್ತದೆ. ಹಾಗೇ ಚೌಕಟ್ಟಿಗೆ ಹಾಕಿದರೆ ಅಂಚು ಅಂಟಿಕೊಂಡು ಹಾಳಾಗುತ್ತದೆ. ಸಾಲದ್ದಕ್ಕೆ ಚಾರ್ಮಾಡಿಯಲ್ಲಿ ಗುಡ್ಡೆ ಜರಿದು ರಸ್ತೆ ಬಂದ್ ಆಗಿ, ಘಟ್ಟದ ಮೇಲಿನಿಂದ ಬರಬೇಕಾದ ಮರದ ಪಟ್ಟಿಗಳೂ ಬರಲಿಲ್ಲ. ಹಾಗಾಗಿ ಚಿತ್ರ ನನ್ನಲ್ಲೇ ಉಳಿಯಿತು. ಮೇಜಿನ ಎದುರಿನ ಗೋಡೆಗೆ ಒರಗಿಸಿ, ಮೇಲೊಂದು ಬಲ್ಬು ಉರಿಸಿ, ಪಕ್ಕದಲ್ಲಿ ಟೇಬಲ್ ಫ್ಯಾನ್ ತಿರುಗಿಸಿಟ್ಟೆ. ಅಂಗಡಿಯ ತುಂಬ ಬಣ್ಣದ ಎಣ್ಣೆಯ ವಾಸನೆ. ಊಟದ ಬುತ್ತಿ ಬಿಚ್ಚಿದರೆ ಮೀನಿನ ಸಾರಿಗೂ ಅದೇ ವಾಸನೆ.

ಮೊದಲ ವಾರ ನಾನು ಅದಕ್ಕೆ ಬೆನ್ನು ಹಾಕಿ ಕೆಲಸ ಮಾಡಿದೆ. ಬೆನ್ನು ಹಾಕಿದರೆ ಇನ್ನೂ ಕಷ್ಟ, ಹಿಂದೆ ಯಾರೋ ನಿಂತಂತೆ ಅನಿಸುತ್ತಿತ್ತು. ಗಾಜು ಕೊಯ್ಯುವಾಗ ಕೈ ತಪ್ಪಿ ಎರಡು ಒಳ್ಳೆಯ ಗಾಜು ಒಡೆಯಿತು. ಮದುವೆಯ ಫೋಟೋ ತಂದ ಒಬ್ಬ ತಾಯಿ ಅದನ್ನೊಮ್ಮೆ ಗೋಡೆಗೆ ತಿರುಗಿಸಿ ಇಡಿ ಎಂದು ಮೆಲ್ಲನೆ ಕೇಳಿಕೊಂಡಳು. ಸಂಜೀವ ಚಹಾ ಕುಡಿಯಲು ಬಂದವನು ಗ್ಲಾಸು ಹಿಡಿದು ಹೊರಗಿನ ಮೆಟ್ಟಿಲಿಗೆ ಹೋದ. ಅದು ಎಂತ ಮಾರಾಯ, ಅದರ ಎದುರು ಚಹಾ ಇಳಿಯುವುದಿಲ್ಲ ಎಂದ. ಕರೆಂಟು ಹೋದ ಸಂಜೆಗಳಲ್ಲಿ ಬೇರೆಲ್ಲ ಬಣ್ಣ ಕತ್ತಲೆಯಲ್ಲಿ ಮುಳುಗಿ, ಕಿತ್ತಳೆ ಮಾತ್ರ ಸ್ವಲ್ಪ ಹೊತ್ತು ಉಳಿಯುತ್ತಿತ್ತು. ಅಂಥ ಹೊತ್ತಿನಲ್ಲಿ ನಾನು ಶಟರ್ ಎಳೆದು ಮನೆಗೆ ಓಡಿದವನೇ.

ಆದರೆ ದಿನವಿಡೀ ಎದುರಿಗಿರುವ ಮುಖವನ್ನು ಎಷ್ಟು ದಿನ ನೋಡದೆ ಇರಲಿಕ್ಕಾಗುತ್ತದೆ? ನೋಡತೊಡಗಿದೆ. ಮೊದಮೊದಲು ಜಗಳ ಮಾಡಲಿಕ್ಕೇ ನೋಡಿದ್ದು. ಇದು ಗೆರೆ ದಾಟಿದೆ, ಅದು ಗೆರೆ ದಾಟಿದೆ, ಎಲ್ಲಿ ಟೀಚರ್ ನಿಮ್ಮ ಸ್ಕೇಲು? ಆಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಹತ್ತಿರ ಹೋದರೆ ಅದು ಬರೀ ಬಣ್ಣದ ಮುದ್ದೆ, ಎಲೆಯೂ ಇಲ್ಲ ಹಣ್ಣೂ ಇಲ್ಲ. ಬಾಗಿಲಲ್ಲಿ ನಿಂತು ನೋಡಿದರೆ ಗಿಡ ಎದ್ದು ನಿಲ್ಲುತ್ತಿತ್ತು. ಒಂದು ಹಣ್ಣಿನ ಮೇಲೆ ಕುಂಚವಲ್ಲ, ಹೆಬ್ಬೆರಳು ಒತ್ತಿದ ಗುರುತು ಇತ್ತು. ಕೋಪದಲ್ಲಿ ಒತ್ತಿದ್ದೋ ಮುದ್ದಿನಲ್ಲಿ ಒತ್ತಿದ್ದೋ ಹೇಳಲಾಗದು. ಅದನ್ನು ನೋಡಿದ ದಿನ ನನಗೆ ಟೀಚರನ್ನು ನೆನೆದು ಅಳು ಬಂತು. ಬಟ್ಟಲು, ಬಾಳೆಹಣ್ಣು ಎಂದು ನಮ್ಮನ್ನು ಗೆರೆಯೊಳಗೆ ಕೂರಿಸಿದ ಆ ವರ್ಷಗಳಲ್ಲೆಲ್ಲ ಇದು ಅವರೊಳಗೆ ಹಸಿಯಾಗಿಯೇ ಇತ್ತಲ್ಲ. ಅಂದಿನಿಂದ ಹೆದರಿಕೆ ಕಡಿಮೆಯಾಯಿತೆಂದಲ್ಲ, ಬೆಳಿಗ್ಗೆ ಶಟರ್ ಎತ್ತಿದೊಡನೆ ಮೊದಲು ಅದರ ಕಡೆ ನೋಡತೊಡಗಿದೆ.

ಒಂದು ಮಾತ್ರ ಒಪ್ಪಿಗೆಯಾಗಲಿಲ್ಲ. ಹಿಂದಿನ ಹಳದಿಯ ಮೇಲೆ ಓರೆಯಾಗಿ ಎಳೆದ ಬೂದು ಗೀಟುಗಳು ಮಳೆಯವು, ಸಂಶಯವಿಲ್ಲ. ಕಾಸರಕ ಕಿತ್ತಳೆಯಾಗುವುದು ಮಳೆಗಾಲ ಕಳೆದು ತಿಂಗಳುಗಳಾದ ಮೇಲೆ. ಮಳೆಯಲ್ಲಿ ಹಣ್ಣು ಎಲ್ಲಿಂದ ಬಂತು? ವಯಸ್ಸಾಯಿತು, ಟೀಚರ್ ಮರೆತಿರಬೇಕು ಎಂದುಕೊಂಡೆ.

ಪಟ್ಟಿಗಳು ಬಂದವು. ಅಳತೆ ತೆಗೆಯಲು ಕೂತಾಗ ಕೆಳಗಿನ ಅಂಚಿನಲ್ಲಿ, ಕಾಂಡದ ಬುಡದಲ್ಲಿ, ಒಂದು ಬಿಳಿ ಪಟ್ಟೆ ಕಂಡಿತು. ಬೆರಳಗಲವೂ ಇಲ್ಲ. ಕಾಂಡಕ್ಕೆ ಏನೋ ಸುತ್ತಿದ ಹಾಗೆ. ನಾವು ಚೌಕಟ್ಟು ಹಾಕುವಾಗ ಸಾಮಾನ್ಯವಾಗಿ ಮರದ ತುಟಿ ಚಿತ್ರದ ಅಂಚನ್ನು ಸ್ವಲ್ಪ ಕಚ್ಚಿಕೊಳ್ಳುತ್ತದೆ. ಕಚ್ಚಿದರೆ ಈ ಬಿಳಿ ಪೂರ್ತಿ ಅಡಗುತ್ತದೆ. ಟೀಚರಿಗೆ ಫೋನು ಮಾಡಿ ಕೇಳಿದೆ. "ಅದು ಮುಚ್ಚಿಹೋಗಲಿ ಹಮೀದ" ಎಂದು ಫೋನಿಟ್ಟರು.

ಸರಿ ಎಂದು ಚೌಕಟ್ಟಿನ ತುಂಡೊಂದನ್ನು ಕೆಳಗಿನ ಅಂಚಿಗೆ ಇಟ್ಟು ಬಾಗಿಲಿಗೆ ಹೋಗಿ ನೋಡಿದೆ. ಚಿತ್ರ ಸತ್ತಿತ್ತು. ಅದೇ ಹಣ್ಣು, ಅದೇ ಕಾಂಡ, ಆದರೆ ಸುಮ್ಮನೆ ಕಿರುಚುತ್ತಿದ್ದ ಹಾಗೆ, ಯಾಕೆಂದು ಗೊತ್ತಾಗದ ಹಾಗೆ. ತುಂಡು ತೆಗೆದೆ, ಜೀವ ಬಂತು. ಹಾಕಿದೆ, ಹೋಯಿತು. ಆಗ ಕಂಡದ್ದು, ಎಲೆಗಳನ್ನು ಎಳೆದದ್ದು, ಮಳೆಯ ಗೀಟು, ಕಾಂಡದ ತಿರುಚು, ಎಲ್ಲವೂ ಓಡುವುದು ಕೆಳಗಿನ ಆ ಬಿಳಿಯ ಕಡೆಗೆ. ಹಣ್ಣುಗಳು ಸಹ ಅದನ್ನೇ ನೋಡುತ್ತಿದ್ದವು.

ಸಂಜೀವನನ್ನು ಕರೆದು ಇದು ಎಂತ ಇರಬಹುದು ಎಂದು ಕೇಳಿದೆ. ಅವನು ಮನಸ್ಸಿಲ್ಲದ ಮನಸ್ಸಿನಿಂದ ಬಗ್ಗಿ ನೋಡಿದ. ಬಟ್ಟೆಯ ಕೆಲಸದವನು, ಕೂಡಲೇ ಹಳೆ ಮುಂಡಿನ ಚೂರು ಎಂದ. ಆಮೇಲೆ ಸ್ವರ ತಗ್ಗಿಸಿದ. ಕತ್ತಲೆಯಲ್ಲಿ ಮರ ತಪ್ಪಬಾರದೆಂದು ಹಿಂದಿನ ಸಂಜೆಯೇ ಹೋಗಿ ಪಾಲೆಗೆ ನೂಲೋ ಬಟ್ಟೆಯ ಚೂರೋ ಕಟ್ಟಿ ಬರುವುದುಂಟು, ನಮ್ಮ ಮನೆಯಲ್ಲೂ ಉಂಟು ಎಂದ. ಬ್ಯಾರಿಯಾದ ನನಗೆ ಇದು ಗೊತ್ತಿರಲಿಲ್ಲ.

ಹಾಗಾದರೆ ಸದಾನಂದಣ್ಣನಿಗೆ ಕತ್ತಲೆಯಲ್ಲಿ ಮರ ತಪ್ಪಿದ್ದಲ್ಲ. ಅವರು ಗುರುತು ಇದ್ದ ಮರಕ್ಕೇ ಹೋಗಿದ್ದರು. ಗುರುತು ತಪ್ಪು ಮರದಲ್ಲಿತ್ತು. ಗುರುತು ಕಟ್ಟಿದವರು ಯಾರೆಂದು ಸಂಜೀವ ಕೇಳಲಿಲ್ಲ, ನಾನು ಊಹಿಸಲು ಹೋಗಲಿಲ್ಲ. ನನಗೆ ಆ ದಿನ ಬಂದ ಹೆದರಿಕೆ ಬೇರೆ ತರಹದ್ದು. ಮೊದಲು ಚಿತ್ರಕ್ಕೆ ಹೆದರಿದ್ದೆ, ಈಗ ಟೀಚರಿಗಾಗಿ ಹೆದರಿದೆ. ಮಗ ಇದನ್ನು ಕಂಡರೆ ಏನು ಮಾಡಿಯಾನು? ಕಾಣದೆ, ಅಪ್ಪನಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಗುತ್ತದೆ ಎಂಬ ಧೈರ್ಯದಲ್ಲೇ ಗುಡ್ಡೆ ಹತ್ತಿದರೆ?

ಚೌಕಟ್ಟು ಕೊಯ್ಯದೆ ಬಿಟ್ಟೆ. ಅಮಾವಾಸ್ಯೆಗೆ ಕೆಲವೇ ದಿನ ಇರುವಾಗ ತಾಯಿ ಮಗ ಇಬ್ಬರೂ ಬಂದರು. ಸುಧೀರ ನಗುಮುಖದ ಹುಡುಗ. ಅಂಗಡಿಯೊಳಗೆ ಬಂದವನೇ ಎಣ್ಣೆಯ ವಾಸನೆಯನ್ನೂ ಮೀರಿ ಅತ್ತರಿನ ಪರಿಮಳ ಹರಡಿದ. ಗುಡ್ಡೆಯಲ್ಲಿ ಪಾಲೆ ಇರುವ ಜಾಗವನ್ನು ಯಾರನ್ನೋ ಕೇಳಿ ತಿಳಿದುಕೊಂಡಾಗಿದೆ, ಹೆಡ್‌ಲೈಟು ತಂದಿದ್ದೇನೆ, ಹಣೆಗೆ ಕಟ್ಟಿಕೊಂಡು ಹೋಗುವುದು ಎಂದೆಲ್ಲ ಹೇಳುತ್ತಿದ್ದವನು ಚಿತ್ರ ಕಂಡದ್ದೇ ಮಾತು ನಿಲ್ಲಿಸಿದ. ಹತ್ತಿರ ಹೋದ. ನನ್ನ ಹಾಗೆಯೇ ಹಿಂದೆ ಬಂದ. ಬಾಗಿಲವರೆಗೆ ಬಂದು ನಿಂತ.

ನಾನು ಟೀಚರ ಕಡೆ ತಿರುಗಿ, ತಗ್ಗಿದ ಸ್ವರದಲ್ಲಿ, ಅಂಚು ಮುಚ್ಚಿದರೆ ಚಿತ್ರ ನಿಲ್ಲುವುದಿಲ್ಲ, ಮುಚ್ಚದೆಯೂ ಚೌಕಟ್ಟು ಹಾಕಲಿಕ್ಕಾಗುತ್ತದೆ, ಸುತ್ತ ಬೆರಳಗಲ ಜಾಗ ಬಿಟ್ಟು ಮಾಡಿಕೊಡುತ್ತೇನೆ, ನೀವು ಹೇಳಿದ ಹಾಗೆ ಎಂದೆ. ಅವರು ಉತ್ತರ ಕೊಡುವ ಮೊದಲೇ ಸುಧೀರ ಕೇಳಿದ. "ಅಮ್ಮ, ಆ ದಿನ ಮರದಲ್ಲಿ ಇಷ್ಟು ಹಣ್ಣು ಇತ್ತಾ? ಇಷ್ಟು ಇದ್ದೂ ಅಪ್ಪನಿಗೆ ಗೊತ್ತಾಗಲಿಲ್ವಾ?"

ಟೀಚರ್ ನನ್ನ ಮೇಜಿನ ಅಂಚನ್ನು ಹಿಡಿದುಕೊಂಡರು.

"ಒಂದು ಹಣ್ಣೂ ಇರಲಿಲ್ಲ. ಇದ್ದಿದ್ದರೆ ನಾನು ಅದಕ್ಕೆ ಬಟ್ಟೆ ಕಟ್ತಿರಲಿಲ್ಲ ಮಗಾ."

ಆಮೇಲೆ ಅವರು ಹೇಳಿದ್ದನ್ನು ನಾನು ಮೂರನೆಯವನಾಗಿ ಕೇಳಬಾರದಿತ್ತು, ಆದರೆ ಹೊರಗೆ ಹೋಗೋಣವೆಂದರೆ ಸುಧೀರ ಬಾಗಿಲಲ್ಲೇ ನಿಂತಿದ್ದ. ಅಮಾವಾಸ್ಯೆಯ ಹಿಂದಿನ ದಿನ ಸದಾನಂದಣ್ಣ ಕೆಲಸ ಮುಗಿಸಿ ಬರುವಾಗ ತಡವಾಗುತ್ತದೆ ಎಂದಿದ್ದರಂತೆ. ನೀನೇ ಹೋಗಿ ಗುರುತು ಕಟ್ಟಿ ಬಾ ಎಂದಿದ್ದರಂತೆ. ಟೀಚರ್ ಬಂಟ್ವಾಳ ಪೇಟೆಯಲ್ಲಿ ಬೆಳೆದವರು, ಗುಡ್ಡೆಯ ಮರಗಳ ಪರಿಚಯ ಅಷ್ಟಕ್ಕಷ್ಟೇ. ಜೋರು ಮಳೆ, ತೊಟ್ಟಿಲಲ್ಲಿ ಜ್ವರದ ಮಗು. ಅಕ್ಕಪಕ್ಕ ಇದ್ದ ಎರಡು ಮರಗಳಲ್ಲಿ ಒಂದಕ್ಕೆ ಗಂಡನ ಹಳೆಯ ಮುಂಡಿನ ಚೂರು ಕಟ್ಟಿ ಓಡಿ ಬಂದರು. ಊರವರು ಸದಾನಂದಣ್ಣನಿಗೆ ಕತ್ತಲೆಯಲ್ಲಿ ಮರ ತಪ್ಪಿತು ಎಂದರು. ಟೀಚರ್ ಅಲ್ಲ ಎನ್ನಲಿಲ್ಲ. ಸತ್ತವರ ಮೇಲೆ ತಪ್ಪು ಹೊರಿಸಿ ಮಗನನ್ನು ಸಾಕಿದೆ ಎಂದರು. ಮರದಲ್ಲಿ ಹಣ್ಣು ಇರಬೇಕಿತ್ತು, ಇರಬೇಕಿತ್ತು ಎಂದು ಎಷ್ಟೋ ವರ್ಷ ಮನಸ್ಸಿನಲ್ಲೇ ಬಣ್ಣ ಹಚ್ಚಿದೆ, ಕೊನೆಗೆ ಕೈಯಲ್ಲಿ ಹಚ್ಚಿದೆ ಎಂದರು.

ನಾನು ಮಳೆಗಾಲದಲ್ಲಿ ಹಣ್ಣೆಂತ ಎಂದು ಅದನ್ನು ಟೀಚರಿನ ಮರೆವೆಂದು ತಳ್ಳಿಹಾಕಿದವನು. ಆ ಒಂದೊಂದು ಹಣ್ಣೂ ಬೇಡ, ಇಲ್ಲಿ ಕಟ್ಟಬೇಡ ಎಂದು ಕೂಗುತ್ತಿತ್ತು, ಇಷ್ಟು ದಿನ ನನಗೆ ಕೇಳಿರಲಿಲ್ಲ.

ಸುಧೀರ ಸಿಟ್ಟು ಮಾಡುತ್ತಾನೆಂದು ಹೆದರಿದ್ದೆ. ಅವನು ಚಿತ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಳಗಿನ ಆ ಬಿಳಿಯನ್ನು ನೋಡಿದ. ಎದ್ದು ನನಗೆ ಇಷ್ಟೇ ಹೇಳಿದ. "ಮುಚ್ಚಬೇಡಿ ಹಮೀದಣ್ಣ." ತಾಯಿಗೆ ಏನು ಹೇಳಿದನೋ, ಹೇಳಲಿಲ್ಲವೋ, ಅದು ಕಾರಿನಲ್ಲಿ ಆದ ಮಾತು, ನನಗೆ ಗೊತ್ತಿಲ್ಲ. ಕಷಾಯದ ಆಸೆ ಬಿಟ್ಟನೋ ಇಲ್ಲವೋ ಅದೂ ಗೊತ್ತಾಗಲಿಲ್ಲ. ಚೌಕಟ್ಟು ಮುಗಿಸಿ ಸಿದ್ಧಕಟ್ಟೆಗೆ ಕಳಿಸಿಕೊಟ್ಟೆ. ಕೇಳಲು ಧೈರ್ಯ ಬರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ನಸುಕಿನ ಸುಬಹಿ ನಮಾಜು ಮುಗಿಸಿ ನೇರ ಅಂಗಡಿಗೆ ಬಂದೆ. ಮನೆಯಲ್ಲಿ ಕೂರಲಾಗಲಿಲ್ಲ. ಮಳೆ ಕೊಡ ಸುರಿದ ಹಾಗೆ ಹೊಯ್ಯುತ್ತಿತ್ತು. ಚಿತ್ರ ಇದ್ದ ಗೋಡೆ ಬರಿದಾಗಿತ್ತು, ಎಣ್ಣೆಯ ವಾಸನೆ ಮಾತ್ರ ಉಳಿದಿತ್ತು. ಸಂಜೀವ ಲೋಟ ತಂದಿಟ್ಟ, ಮುಟ್ಟಲಿಲ್ಲ. ಮೊಬೈಲನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕೂತೆ. ರಿಂಗಾಗಬಾರದು ಎಂದೂ ಬೇಡಿದೆ, ರಿಂಗಾಗಲಿ ಎಂದೂ ಬೇಡಿದೆ. ಯಾರೋ ನನ್ನ ಮನೆಯವರೇ ಗುಡ್ಡೆಗೆ ಹೋಗಿದ್ದಾರೆಂಬ ಹಾಗೆ ಕಾದೆ.

ಬಿಸಿಲೇರುವ ಹೊತ್ತು, ಬಿಸಿಲು ಎಲ್ಲಿಂದ, ಮಳೆಯಲ್ಲೇ ಕಾರು ಬಂದು ನಿಂತಿತು. ಸುಧೀರ ಫ್ಲಾಸ್ಕ್ ಹಿಡಿದು ಇಳಿದ. ಒಬ್ಬನೇ ಇದ್ದ. ನಾನು ಎದ್ದುನಿಂತೆ.

ಅವನು ಕೂತು ನಿಧಾನಕ್ಕೆ ಹೇಳಿದ. ಹಿಂದಿನ ದಿನ ನಡುಮಧ್ಯಾಹ್ನ, ಚೆನ್ನಾಗಿ ಬೆಳಕಿರುವಾಗ, ತಾಯಿ ಮಗ ಇಬ್ಬರೇ ಗುಡ್ಡೆ ಹತ್ತಿದರು. ಟೀಚರ್ ಪಾಲೆಯ ಎಲೆಗಳನ್ನು ನೋಡಿದರು, ಗೆಲ್ಲು ಮುರಿದು ಬಿಳಿ ಹಾಲು ಬರುವುದನ್ನು ನೋಡಿದರು, ಗುಡ್ಡೆ ಬಲ್ಲ ಮುದುಕರೊಬ್ಬರನ್ನು ಕರೆಸಿ ಅವರ ಬಾಯಿಂದಲೂ ಹೇಳಿಸಿದರು. ಆಮೇಲೆ ತಾವೇ ಬಟ್ಟೆ ಕಟ್ಟಿದರು. ಬೇರೆ ಯಾರಿಗೂ ಕಟ್ಟಲು ಬಿಡಲಿಲ್ಲ. ಬೆಳಿಗ್ಗೆ ಸುಧೀರ ಹೋಗಿ ಜಜ್ಜಿ ತಂದ. ಕಷಾಯವಾಯಿತು. ಮನೆಯ ಯಜಮಾನ ಮೊದಲು ಕುಡಿಯಬೇಕೆಂದು ಅವನು ಲೋಟ ಎತ್ತಿದ.

"ಅಮ್ಮ ಕೈಯಿಂದ ಕಿತ್ತುಕೊಂಡ್ರು ಹಮೀದಣ್ಣ. ಒಂದೇ ಗುಟುಕಿಗೆ ಕುಡಿದ್ರು. ಮತ್ತೆ ಪಾತ್ರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಆ ಚಿತ್ರದ ಎದುರು ಕೂತ್ರು. ಯಾರೂ ಮುಟ್ಟಬಾರದು, ಹೊತ್ತು ಹೋಗಲಿ ಅಂತ. ನನ್ನ ಮಗಳು ಹತ್ತಿರ ಹೋದರೆ ಅವಳನ್ನೂ ತಳ್ಳಿದ್ರು."

"ಎಷ್ಟು ಹೊತ್ತು?" ಎಂದೆ.

"ಗೊತ್ತಿಲ್ಲ. ಗಂಜಿ ತಣ್ಣಗಾಗುವವರೆಗೆ. ಆಮೇಲೆ ನನ್ನನ್ನು ಕರೆದು, ಈಗ ನೀನು ಕುಡಿ ಅಂದ್ರು."

ಅವನು ಫ್ಲಾಸ್ಕಿನ ಮುಚ್ಚಳಕ್ಕೆ ಸುರಿದು ನನ್ನ ಮುಂದಿಟ್ಟ. ಹಮೀದನಿಗೂ ಕೊಟ್ಟು ಬಾ ಎಂದಿದ್ದರಂತೆ ಟೀಚರ್. ನಾನು ಎರಡು ಕೈಯಲ್ಲೂ ಎತ್ತಿಕೊಂಡೆ. ಕುಡಿದೆ. ಕಡು ಕಹಿ.